ಪೋಸ್ಟರಿನ ಹುಡುಗ ದೊಡ್ಡವನಾದ ಮೇಲೆ

ಮರುಕ ಹುಟ್ಟಿಸದಿದ್ದರೆ ಜನ ಜೇಬಿಗೆ ಕೈ ಹಾಕುವುದಿಲ್ಲ. ಸ್ನಾಯುಕ್ಷಯದ ಮಕ್ಕಳಿಗಾಗಿ ದೇಣಿಗೆ ಎತ್ತುವವರ ಸಮರ್ಥನೆ ಇದು. ಹಣವೇನೋ ಬರುತ್ತದೆ. ಅದಕ್ಕೆ ಬೆಲೆ ತೆರುವವರು ಯಾರು ಎಂಬುದೇ ನನ್ನ ತಕರಾರು.

ಅಮೆರಿಕದ ಹಾಸ್ಯನಟ ಜೆರ್ರಿ ಲೂಯಿಸ್ 1966ರಿಂದ 2010ರವರೆಗೆ ಪ್ರತಿ ಸೆಪ್ಟೆಂಬರಿನಲ್ಲೂ ಟಿವಿಯ ಮುಂದೆ ಗಂಟೆಗಟ್ಟಲೆ ಹಾಡಿ, ನಗಿಸಿ, ಅತ್ತು, ಅಲ್ಲಿನ ಮಸ್ಕ್ಯುಲರ್ ಡಿಸ್ಟ್ರೋಫಿ ಅಸೋಸಿಯೇಷನ್‌ಗೆ ಇನ್ನೂರು ಕೋಟಿ ಡಾಲರಿಗೂ ಹೆಚ್ಚು ಕೂಡಿಸಿಕೊಟ್ಟರು. ಡುಶೆನ್ ಸ್ನಾಯುಕ್ಷಯದ ಜೀನ್ 1986ರಲ್ಲಿ ಪತ್ತೆಯಾದದ್ದರ ಹಿಂದೆ ಈ ಸಂಸ್ಥೆಯ ಹಣವೂ ಇತ್ತು. ಅದನ್ನು ಮುಚ್ಚಿಟ್ಟು ವಾದ ಗೆಲ್ಲುವುದು ನನಗೆ ಬೇಡ. ಆ ಜೀನ್ ಕೆಟ್ಟರೆ ಡಿಸ್ಟ್ರೋಫಿನ್ ಎಂಬ ಪ್ರೋಟೀನ್ ತಯಾರಾಗದು. ಸ್ನಾಯುಕೋಶದ ಪೊರೆ ದಿನದಿನದ ಓಡಾಟಕ್ಕೇ ಹರಿಯುತ್ತ, ಸ್ನಾಯುವಿನ ಜಾಗದಲ್ಲಿ ಕೊಬ್ಬು, ನಾರು ತುಂಬಿಕೊಳ್ಳುತ್ತವೆ. ಬಹುತೇಕ ಗಂಡುಮಕ್ಕಳಿಗೇ ಬರುವ ಕಾಯಿಲೆ. ಮೀನಖಂಡ ಊದಿಕೊಂಡಿರುವುದರಿಂದ ನೋಡಿದವರು ‘ಗಟ್ಟಿ ಹುಡುಗ’ ಎನ್ನುವುದೂ ಉಂಟು. ಆ ಗಟ್ಟಿ ಹುಡುಗ ನೆಲದಿಂದೇಳಲು ತನ್ನ ತೊಡೆಯ ಮೇಲೇ ಕೈಯೂರಿ ಹತ್ತಬೇಕು.

ಲೂಯಿಸ್ ಇಂಥವರನ್ನು ‘ಜೆರ್ರಿಯ ಮಕ್ಕಳು’ ಎಂದು ಕರೆದರು. ಮಕ್ಕಳು ದೊಡ್ಡವರಾಗುತ್ತಾರಲ್ಲ! ಸ್ಟೀರಾಯ್ಡ್, ಹೃದಯದ ಔಷಧ, ಉಸಿರಾಟದ ಯಂತ್ರ ಸಿಕ್ಕರೆ ಡುಶೆನ್ ಇರುವವರೂ ಮೂವತ್ತರ ಆಚೆಗೆ ಬದುಕುತ್ತಾರೆ. 1990ರಲ್ಲಿ ಲೂಯಿಸ್, ಈ ಕಾಯಿಲೆ ತನಗೇ ಇದೆಯೆಂದು ಕಲ್ಪಿಸಿಕೊಂಡು, ತಾನೀಗ ಅರ್ಧ ಮನುಷ್ಯ ಎಂದು ಪತ್ರಿಕೆಯೊಂದರಲ್ಲಿ ಬರೆದರು. ಒಂದು ಕಾಲಕ್ಕೆ ಅದೇ ಸಂಸ್ಥೆಯ ಪೋಸ್ಟರುಗಳಲ್ಲಿ ನಕ್ಕಿದ್ದ ಮೈಕ್ ಎರ್ವಿನ್, ಅವರ ಸೋದರಿ ಕ್ರಿಸ್ ಮ್ಯಾಥ್ಯೂಸ್ ಮತ್ತು ಗೆಳೆಯರು ಮರುವರ್ಷ ‘ಜೆರ್ರಿಯ ಅನಾಥರು’ ಎಂಬ ಹೆಸರಿಟ್ಟುಕೊಂಡೇ ಬೀದಿಗಿಳಿದರು. ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಯಾವ ಸೆಮಿನಾರಿನಲ್ಲೂ ಕೇಳಿಲ್ಲ.

ನಮ್ಮ 2016ರ ಕಾಯ್ದೆ ಪಟ್ಟಿ ಮಾಡಿದ 21 ವೈಕಲ್ಯಗಳಲ್ಲಿ ಸ್ನಾಯುಕ್ಷಯವೂ ಇದೆ. ಕಾಯ್ದೆಯ ಹೆಸರಿನಲ್ಲೇ ‘ಹಕ್ಕು’ ಇದೆ. ವಾಟ್ಸಾಪಿನಲ್ಲಿ ಬರುವುದು ಮಾತ್ರ ಅಳುವ ಅಮ್ಮ, ಹಾಸಿಗೆಯ ಮೇಲಿನ ಮಗು, ಕೆಳಗೊಂದು ಕ್ಯೂಆರ್ ಕೋಡ್. ಕೊಡಿ, ನಾನೂ ಕೊಡುತ್ತೇನೆ. ಬಿಲ್ಲು ಕಟ್ಟಬೇಕಾದವರಿಗೆ ಸಿದ್ಧಾಂತ ಹೇಳುವುದು ಕ್ರೌರ್ಯ. ಆದರೆ ರಾತ್ರಿಯಿಡೀ ಎದ್ದೆದ್ದು ಮಗನ ಮಗ್ಗುಲು ಬದಲಿಸುವ ತಾಯಿಯ ಬೆನ್ನು ಸೋತರೆ ಆ ಕೆಲಸಕ್ಕೆ ಸಂಬಳದ ಆಳು ಯಾರು ಕೊಡುತ್ತಾರೆ? ಲಿಫ್ಟಿಲ್ಲದ ಕಾಲೇಜಿನ ಎರಡನೇ ಮಹಡಿಯ ಎಂ.ಎ. ತರಗತಿಗೆ ಗಾಲಿಕುರ್ಚಿ ಏರುವುದು ಹೇಗೆ? ಇವಕ್ಕೆಲ್ಲ ಕಣ್ಣೀರಿನ ಫೋಟೊ ಸಿಗುವುದಿಲ್ಲ, ಹಾಗಾಗಿ ದೇಣಿಗೆಯೂ ಇಲ್ಲ.

ಸಾಹಿತ್ಯದವರಾದ ನಾವೇನೂ ಹೊರಗಿನವರಲ್ಲ. ಮುಂದಿನ ಕವಿಗೋಷ್ಠಿಯ ಕರೆಯೋಲೆಯಲ್ಲಿ ಸಭಾಂಗಣ ಎಷ್ಟನೇ ಮಹಡಿಯಲ್ಲಿದೆ, ಮೆಟ್ಟಿಲೆಷ್ಟು ಎಂಬುದನ್ನೂ ಅಚ್ಚು ಹಾಕಿಸಿ ನೋಡೋಣ.