ಟಾಪು ಕೊಯ್ಯುವ ಮುಂಚೆ ಆರ್.ಸಿ. ಪುಸ್ತಕ ಬಿಚ್ಚಿ

ಗೋಪಾಳದ ಲಾಸ್ಟ್ ಬಸ್ ಸ್ಟಾಪಿನಲ್ಲಿ ಇಳಿದು ಒಳಗಿನ ಅಡ್ಡರಸ್ತೆಗಳಲ್ಲಿ ನಡೆಯುವವರ ಕಣ್ಣಿಗೆ ಆಗೊಮ್ಮೆ ಈಗೊಮ್ಮೆ ಒಂದು ನೋಟ ಬೀಳುತ್ತದೆ. ಯಾವುದೋ ಕಾಂಪೌಂಡಿನ ಮೂಲೆ, ಹರಕು ಟಾರ್ಪಾಲು, ಅದರಡಿ ನಾಲ್ಕೂ ಟೈರಿನ ಗಾಳಿ ಹೋದ ಒಂದು ಹಳೇ ಕಾರು. ಬೆಕ್ಕು ಮರಿ ಹಾಕುವುದಕ್ಕೆ ಬಿಟ್ಟರೆ ಅದರಿಂದ ಯಾರಿಗೂ ಉಪಯೋಗವಿಲ್ಲ. ಅಪ್ಪ ತೀರಿಕೊಂಡಿರುತ್ತಾರೆ, ಮಗನಿಗೆ ಅದರ ಮೇಲೆ ಪ್ರೀತಿ. ಒಂದು ದಿನ ಯಾರೋ ಸಲಹೆ ಕೊಡುತ್ತಾರೆ: ‘ಟಾಪು ಕೊಯ್ಸಿಬಿಡು ಮಾರಾಯ, ಓಪನ್ ಕಾರು ಮಾಡ್ಸು, ಕೆಂಪು ಬಣ್ಣ ಹೊಡ್ಸು. ಮದುವೆ ಮೆರವಣಿಗೆಗೆ ಬಾಡಿಗೆ ಬರುತ್ತೆ.’

ಈ ಸಲಹೆ ಕೇಳಿದವರು ಕೆಡುವುದು ಇಲ್ಲೇ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಮೊದಲು ಕಾರಿನ ವಿಷಯ. ನಮ್ಮ ಕಡೆ ಓಪನ್ ಕಾರು ಅಂತ ಮೆರೆಯುವುದರಲ್ಲಿ ಹೆಚ್ಚಿನವು ಹುಟ್ಟಿನಿಂದ ಓಪನ್ ಅಲ್ಲ. ಸ್ಟ್ಯಾಂಡರ್ಡ್ ಹೆರಾಲ್ಡನ್ನೇ ತೆಗೆದುಕೊಳ್ಳಿ. ಇಂಗ್ಲೆಂಡಿನಲ್ಲಿ ಟ್ರಯಂಫ್ ಕಂಪನಿ 1959ರಲ್ಲಿ ಹೆರಾಲ್ಡ್ ಬಿಟ್ಟಿತು. ಅದಕ್ಕೆ ರೂಪ ಕೊಟ್ಟವನು ಇಟಲಿಯ ಮಿಕೆಲೊಟ್ಟಿ. ಮರುವರ್ಷವೇ ಅಲ್ಲಿ ಬಟ್ಟೆ ಟಾಪಿನ ಮಾದರಿಯೂ ಬಂತು. ಮದರಾಸಿನ ಸ್ಟ್ಯಾಂಡರ್ಡ್ ಕಾರ್ಖಾನೆ 1961ರಿಂದ 1971ರ ತನಕ ಇದೇ ಹೆರಾಲ್ಡನ್ನು ಇಲ್ಲಿ ಮಾರಿತು. ಆದರೆ ಇಲ್ಲಿನ ರಸ್ತೆಗೆ ಇಳಿದದ್ದು ಹೆಚ್ಚಾಗಿ ತಗಡಿನ ಛಾವಣಿಯ ಕಾರುಗಳೇ. ಆ ಕಾರಿಗೆ ಕೆಳಗೆ ಬೇರೆಯೇ ಚಾಸಿ ಉಂಟು. ಬಾಡಿಯ ತುಂಡುಗಳನ್ನು ಬೋಲ್ಟು ಹಾಕಿ ಜೋಡಿಸಿದ್ದಾರೆ, ಛಾವಣಿಯೂ ಬೋಲ್ಟಿನದ್ದೇ. ಸ್ಪ್ಯಾನರು ಹಿಡಿಯಲು ಬಂದವನು ಅದನ್ನು ಬಿಚ್ಚಬಲ್ಲ. ಹಾಗಾಗಿಯೇ ಊರೂರಲ್ಲಿ ಹೆರಾಲ್ಡುಗಳು ತಲೆ ಬೋಳಿಸಿಕೊಂಡವು.

ಅದನ್ನು ನೋಡಿ ಅಂಬಾಸಿಡರಿಗೂ ಹಳೇ ಫಿಯಟ್ಟಿಗೂ ಗರಗಸ ಹಚ್ಚುವವರಿದ್ದಾರೆ. ಆ ಎರಡಕ್ಕೂ ಪ್ರತ್ಯೇಕ ಚಾಸಿ ಇಲ್ಲ ಸ್ವಾಮಿ! ಬಾಡಿಯೇ ಅವುಗಳ ಬೆನ್ನೆಲುಬು. ಮೇಲಿನ ತಗಡು ಹೋದರೆ ನಡು ಜಗ್ಗುತ್ತದೆ, ಬಾಗಿಲು ಕೂರುವುದಿಲ್ಲ. ನಡುವಿಗೆ ಬಲ ಕೊಡದೆ ಕೊಯ್ದ ಕಾರಿನಲ್ಲಿ ಮದುಮಕ್ಕಳನ್ನು ಕೂರಿಸುವುದು ಬೇರೆ!

ಇನ್ನು ಕಾನೂನಿನ ವಿಷಯ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ನಿಯಮ ಮಾಡಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರು, ದ್ವಿಚಕ್ರ ವಾಹನಗಳು ಇದಕ್ಕೆ ಅರ್ಹ. ಅದಕ್ಕೆ ‘ವಿಎ’ ಅಕ್ಷರಗಳಿರುವ ಬೇರೆ ನಂಬರು, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಹತ್ತು ವರ್ಷದ ಮಾನ್ಯತೆ, ನವೀಕರಣಕ್ಕೆ 5,000. ಆದರೆ ಷರತ್ತು ಓದಿ: ಚಾಸಿ, ಬಾಡಿ, ಇಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಕೂಡದು. ಅಂದರೆ ಟಾಪು ಕೊಯ್ದ ದಿನವೇ ಆ ಅರ್ಹತೆಗೂ ಕೊಡಲಿ ಬಿತ್ತು. ಇನ್ನೊಂದು ಷರತ್ತು, ವಿಂಟೇಜ್ ನಂಬರಿನ ಗಾಡಿ ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ, ಪೆಟ್ರೋಲಿಗೆ ರಸ್ತೆಗೆ ಬರಬಹುದು. ದಿನಾ ಓಡಿಸುವಂತಿಲ್ಲ, ಬಾಡಿಗೆಗಂತೂ ಬಿಡುವಂತಿಲ್ಲ. ಮೆರವಣಿಗೆ ಬಾಡಿಗೆಯ ಲೆಕ್ಕ ಅಲ್ಲಿಗೆ ಮುಗೀತು.

ಹಾಗಾದರೆ ಹಳೇ ಕಾರಿನಲ್ಲಿ ಬೆಲೆ ಇರುವುದು ಎಲ್ಲಿ? ಬಣ್ಣದಲ್ಲಲ್ಲ, ಅದರ ಚರಿತ್ರೆಯಲ್ಲಿ. ಧರ್ಮಸ್ಥಳಕ್ಕೆ ಹೋದವರು ಮಂಜೂಷಾ ವಸ್ತುಸಂಗ್ರಹಾಲಯದ ಹಳೇ ಕಾರುಗಳನ್ನು ನೋಡಿಯೇ ಇರುತ್ತಾರೆ. ಗಾಂಧೀಜಿ ಕರ್ನಾಟಕದ ಪ್ರವಾಸದಲ್ಲಿ ಕೂತಿದ್ದರೆಂದು ಹೇಳುವ ಸ್ಟುಡ್‌ಬೇಕರ್ ಅಲ್ಲಿದೆ. ಆ ಕಾರಿನ ಮುಂದೆ ಜನ ನಿಂತು ಕೈಮುಗಿಯುವುದು ಅದರ ತಗಡಿಗಲ್ಲ, ಅದರಲ್ಲಿ ಕೂತವರ ಹೆಸರಿಗೆ. ಆ ಹೆಸರು ಕಳೆದುಹೋಗಿದ್ದರೆ ಗುಜರಿಯವನು ಅದನ್ನೂ ಕೆ.ಜಿ. ಲೆಕ್ಕದಲ್ಲಿ ತೂಗುತ್ತಿದ್ದ.

ನಮ್ಮ ಗೋಪಾಳದ ಟಾರ್ಪಾಲಿನಡಿಯ ಕಾರಿನಲ್ಲಿ ಗಾಂಧೀಜಿ ಕೂತಿರಲಿಕ್ಕಿಲ್ಲ. ಆದರೆ ಕಾರು ಬೇಕೆಂದರೆ ವರ್ಷಗಟ್ಟಲೆ ಕಾಯಬೇಕಿದ್ದ ಕಾಲದಲ್ಲಿ ಅದನ್ನು ಕೊಂಡವರು ಯಾರೋ ಇದ್ದರು. ರಾತ್ರಿ ಹೆರಿಗೆಗೆ ಓಡಿದ ಡಾಕ್ಟರು ಇರಬಹುದು, ಅಡಿಕೆ ಮಂಡಿಯ ಸಾಹುಕಾರರು ಇರಬಹುದು, ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಇಂಜಿನಿಯರೋ ಇರಬಹುದು. ಅದು ಊರಿನ ಚರಿತ್ರೆಯೂ ಹೌದಲ್ಲವೇ?

ಹುಡುಕುವುದು ಬ್ರಹ್ಮವಿದ್ಯೆಯೇನಲ್ಲ. ಹಳೇ ಆರ್.ಸಿ. ಪುಸ್ತಕದ ಪುಟಗಳಲ್ಲಿ ಒಬ್ಬರ ನಂತರ ಒಬ್ಬರ ಹೆಸರು ಶಾಯಿಯಲ್ಲಿ ಬರೆದು ಮೊಹರು ಹೊಡೆದಿರುತ್ತಾರೆ. ಪುಸ್ತಕ ಕಳೆದಿದ್ದರೆ ಆರ್.ಟಿ.ಓ.ದಲ್ಲಿ ಬಿ ಎಕ್ಸ್‌ಟ್ರಾಕ್ಟ್‌ಗೆ ಅರ್ಜಿ ಕೊಡಬೇಕು. ‘ಎಂವೈ’ಯಿಂದ ಶುರುವಾಗುವ ನಂಬರಾದರೆ ಅದು 1989ಕ್ಕೆ ಮುಂಚಿನದು. ನಮ್ಮ ಕೆಎ 14 ಬಂದದ್ದು ಆಮೇಲೆ. ಬಣ್ಣ ಉಜ್ಜುವ ಮುಂಚೆ ಚಾಸಿ ನಂಬರು, ಇಂಜಿನ್ ನಂಬರು ಬರೆದಿಟ್ಟುಕೊಂಡು ಪುಸ್ತಕಕ್ಕೆ ತಾಳೆ ನೋಡಬೇಕು. ಬಾಗಿಲಿನ ಒಳಅಂಚಿನಲ್ಲಿ ಕಾರಿನ ಮೊದಲ ಬಣ್ಣ ಇನ್ನೂ ಅಡಗಿರುತ್ತದೆ. ಎಲ್ಲಕ್ಕಿಂತ ಮೇಲು, ನಿವೃತ್ತ ಡ್ರೈವರುಗಳನ್ನೂ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ಹಳೇ ಮೇಸ್ತ್ರಿಗಳನ್ನೂ ಕೇಳಿ. ಯಾರ ಕಾರು ಯಾರಿಗೆ ಹೋಯಿತು ಅನ್ನುವುದು ಅವರ ಬಾಯಲ್ಲೇ ಇರುತ್ತದೆ. ಅವರಿಗೂ ವಯಸ್ಸಾಯಿತು. ಆ ರಿಜಿಸ್ಟರು ಯಾವ ಕಚೇರಿಯಲ್ಲೂ ಸಿಗುವುದಿಲ್ಲ.

‘ಇದೆಲ್ಲ ದುಡ್ಡಿದ್ದವರ ಶೋಕಿ, ಸಿಟಿ ಬಸ್ಸಿನ ಫುಟ್‌ಬೋರ್ಡಿನಲ್ಲಿ ನೇತಾಡುವವನಿಗೆ ಇದರಿಂದೇನು?’ ಅಂತ ಕೇಳುವವರಿದ್ದಾರೆ. ಏನು ಅಂದರೆ, ಮೈಸೂರಿನಲ್ಲೇ ತಯಾರಾದ ಹಳೇ ಜಾವಾ ಅನೇಕರ ಹಿತ್ತಿಲಲ್ಲಿದೆ, ಅದಕ್ಕೂ ಇದೇ ನಿಯಮ. ಇನ್ನೊಂದು ಮಾತು ಅಂಗಡಿಯವರು ಕಿವಿಗೊಟ್ಟು ಕೇಳಬೇಕು. ಗಾಡಿ ಮಾರಿ ದುಡ್ಡು ಎಣಿಸಿ ‘ಮುಗೀತು’ ಅಂದರೆ ಮುಗಿಯುವುದಿಲ್ಲ. ಪುಸ್ತಕದಲ್ಲಿ ಹೆಸರು ಬದಲಾಗದಿದ್ದರೆ ಅಪಘಾತದ ಪರಿಹಾರ ಪುಸ್ತಕದಲ್ಲಿರುವ ಮಾಲೀಕನ ಕುತ್ತಿಗೆಗೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕೆಂದು 1988ರ ಕಾಯ್ದೆಯೇ ಹೇಳುತ್ತದೆ. ಹಳೇ ಮಾಲೀಕರ ಪತ್ತೆ ಬರೀ ಶೋಕಿಯಲ್ಲ, ನಿಮ್ಮ ನಿಮ್ಮ ತಲೆ ಕಾಯುವ ಕೆಲಸವೂ ಹೌದು.

ಹಾಗಾಗಿ ಮೂರು ಮಾತು. ಹಳೇ ಕಾರು ಇಟ್ಟುಕೊಂಡವರು ಮೊದಲು ಕಾಗದಕ್ಕೆ ಖರ್ಚು ಮಾಡಲಿ, ಬಣ್ಣ ಆಮೇಲೆ. ಗ್ಯಾರೇಜಿನವರು ಆರ್.ಸಿ. ನೋಡದೆ ಯಾವ ಛಾವಣಿಗೂ ಗರಗಸ ಇಡದಿರಲಿ. ಬಿಚ್ಚಿದ್ದನ್ನು ತಿರುಗಿ ಕೂರಿಸಿ, ತಗಡು ಬಡಿದು, ಸೀಟು ಹೊಲಿದು ಕೊಡುವುದರಲ್ಲೇ ಅವರಿಗೆ ಹೆಚ್ಚು ದಿನದ ಕೂಲಿ ಉಂಟು. ಇನ್ನು ಸಾರಿಗೆ ಇಲಾಖೆಯವರು ಹಳೇ ರಿಜಿಸ್ಟರುಗಳು ಗೆದ್ದಲು ಪಾಲಾಗುವ ಮುಂಚೆ ಒಂದೊಂದು ಪುಟವನ್ನೂ ಸ್ಕ್ಯಾನ್ ಮಾಡಿಡಲಿ, ಹಳೇ ನಂಬರಿಗೆ ಅರ್ಜಿ ಕೊಟ್ಟವರನ್ನು ಅಲೆದಾಡಿಸದಿರಲಿ.

ಕೊಯ್ದ ಛಾವಣಿಯನ್ನು ಹ್ಯಾಗೋ ಬೆಸುಗೆ ಹಾಕಿಸಬಹುದು. ಕಳೆದುಹೋದ ಹೆಸರಿಗೆ ಬೆಸುಗೆ ಹಾಕುವ ಮೇಸ್ತ್ರಿ ಆಟೋ ಕಾಂಪ್ಲೆಕ್ಸಿನಲ್ಲೂ ಇಲ್ಲ.