ಬರ್ಮಾದ ಬೆಟ್ಟ ಸೀಳಿದ ಕೊಳವೆ: ಹಣ ಸೇರಿದ್ದು ಯಾರ ಕೈಗೆ?

ಬರ್ಮಾ ಎಂದೊಡನೆ ಮಲೆನಾಡಿನ ಕೃಷಿಕರಿಗೆ ನೆನಪಾಗುವುದು ಈಶಾನ್ಯ ಗಡಿಯಿಂದ ಕಳ್ಳದಾರಿಯಲ್ಲಿ ಒಳಬಂದು ಇಲ್ಲಿನ ಧಾರಣೆ ಕೆಡಿಸುವ ಅಡಿಕೆ. ಮ್ಯಾನ್ಮಾರ್ ಎಂದು 1989ರಲ್ಲಿ ಮರುನಾಮಕರಣಗೊಂಡ ಆ ದೇಶದಲ್ಲಿ ಅಡಿಕೆ ಬೆಳೆಯುವ ಪ್ರಮುಖ ಪ್ರದೇಶಗಳಲ್ಲಿ ಒಂದು, ದಕ್ಷಿಣ ತುದಿಯ ತನಿಂತಾರಿ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಥಾಯ್ಲೆಂಡಿನ ಗಡಿಯಾದ ಬೆಟ್ಟಸಾಲು, ನೈಋತ್ಯ ಮಾರುತದ ಜಡಿಮಳೆ, ನಿತ್ಯಹರಿದ್ವರ್ಣ ಕಾಡು, ಕಾಡಿನಂಚಿನಲ್ಲಿ ಅಡಿಕೆ, ಗೇರು, ಭತ್ತ. ಸಹ್ಯಾದ್ರಿಯ ಮಗ್ಗುಲಿನಲ್ಲಿ ಬಾಳುವವರಿಗೆ ಈ ನೆಲ ಅಪರಿಚಿತವೆನಿಸದು. ಕರೆನ್, ಮೋನ್, ತವಾಯ್ ಜನರ ಈ ಬೆಟ್ಟಗಳನ್ನು ಸೀಳಿಕೊಂಡು 1990ರ ದಶಕದಲ್ಲಿ ಒಂದು ಅನಿಲ ಕೊಳವೆಮಾರ್ಗ ಹಾಯಿತು. ತನ್ನ ಪ್ರಜೆಗಳನ್ನೇ ತುಳಿಯುವ ಸರ್ಕಾರದೊಡನೆ ಹೊರದೇಶಗಳು ವ್ಯವಹರಿಸಬಹುದೆ, ವ್ಯವಹರಿಸಿದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಈ ಕೊಳವೆಯ ಮೂರು ದಶಕಗಳ ಚರಿತ್ರೆಗಿಂತ ಸ್ಪಷ್ಟವಾದ ಉತ್ತರ ಸಿಗುವುದು ಕಷ್ಟ.

ಒಪ್ಪಂದ ಮತ್ತು ಬಿಟ್ಟಿ

1988ರಲ್ಲಿ ವಿದ್ಯಾರ್ಥಿಗಳ ಮುಂದಾಳುತನದಲ್ಲಿ ಎದ್ದ ಚಳವಳಿಯನ್ನು ಬರ್ಮಾದ ಸೇನೆ ಗುಂಡಿನಿಂದ ಅಡಗಿಸಿತು. 1990ರ ಚುನಾವಣೆಯಲ್ಲಿ ಆಂಗ್ ಸಾನ್ ಸೂಕಿಯವರ ಪಕ್ಷ 485 ಸ್ಥಾನಗಳಲ್ಲಿ 392ನ್ನು ಗೆದ್ದರೂ ಅಧಿಕಾರ ಹಸ್ತಾಂತರವಾಗಲಿಲ್ಲ. ಬೊಕ್ಕಸ ಬರಿದಾಗಿದ್ದ ಸೇನಾಡಳಿತಕ್ಕೆ ಆಗ ಬೇಕಾಗಿದ್ದುದು ವಿದೇಶಿ ವಿನಿಮಯ. 1992ರಲ್ಲಿ ಫ್ರಾನ್ಸಿನ ಟೋಟಲ್ ಕಂಪನಿ ಯಡಾನಾ ಎಂಬ ಸಮುದ್ರತಳದ ಅನಿಲ ನಿಕ್ಷೇಪಕ್ಕಾಗಿ ಸಹಿ ಹಾಕಿತು. ಮರುವರ್ಷ ಅಮೆರಿಕದ ಯುನೊಕಾಲ್ ಸೇರಿಕೊಂಡಿತು. ಕೊನೆಗೆ ಟೋಟಲ್‌ಗೆ ಶೇ. 31.24, ಯುನೊಕಾಲ್‌ಗೆ ಶೇ. 28.26, ಥಾಯ್ಲೆಂಡಿನ ಪಿಟಿಟಿಇಪಿಗೆ ಶೇ. 25.5, ಬರ್ಮಾ ಸರ್ಕಾರದ ತೈಲ ಮತ್ತು ಅನಿಲ ಉದ್ಯಮಕ್ಕೆ ಶೇ. 15 ಎಂದು ಪಾಲಾಯಿತು. ಅನಿಲವನ್ನು ಥಾಯ್ಲೆಂಡಿನ ವಿದ್ಯುತ್ ಸ್ಥಾವರಕ್ಕೆ ಮುಟ್ಟಿಸಲು ತನಿಂತಾರಿಯ ನೆಲದಲ್ಲಿ ಅರವತ್ತಕ್ಕೂ ಹೆಚ್ಚು ಕಿಲೋಮೀಟರ್ ಕೊಳವೆ ಹೂಳಬೇಕಾಯಿತು.

ಕೊಳವೆಯ ಕಾವಲಿಗೆ ಸೇನೆ ಬಂತು. ಸೇನೆಯ ಹಿಂದೆಯೇ ಬಿಟ್ಟಿ ಬಂತು. ಹಾದಿ ಕಡಿಯಲು, ಹೆಲಿಕಾಪ್ಟರ್ ಇಳಿಯುವ ಅಂಕಣ ಸವರಲು, ಸೈನಿಕರ ಹೊರೆ ಹೊರಲು ಹಳ್ಳಿಗರನ್ನು ಹಿಡಿದೊಯ್ದರೆಂದೂ ಊರುಗಳನ್ನು ಒಕ್ಕಲೆಬ್ಬಿಸಿದರೆಂದೂ ಗಡಿ ದಾಟಿ ಬಂದವರು ಹೇಳಿದರು. ತಮ್ಮ ಕೆಲಸಗಾರರಿಗೆ ಕೂಲಿ ಕೊಟ್ಟೇ ದುಡಿಸಿಕೊಂಡಿದ್ದೇವೆ ಎಂದು ಕಂಪನಿಗಳು ಆರೋಪವನ್ನು ಅಲ್ಲಗಳೆದವು. ಆದರೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ವಿಚಾರಣಾ ಆಯೋಗ 1998ರಲ್ಲಿ, ಬರ್ಮಾದಲ್ಲಿ ಬಲವಂತದ ದುಡಿಮೆ ವ್ಯಾಪಕವಾಗಿದೆ ಎಂದು ತೀರ್ಮಾನಿಸಿತು.

ಅರಣ್ಯ ಉಳಿಸುವವರೂ ಈ ಹೋರಾಟಕ್ಕೆ ದನಿಗೂಡಿಸಿದರು. ಥಾಯ್ಲೆಂಡಿನ ಕಾಂಚನಬುರಿಯಲ್ಲಿ ಕೊಳವೆ ಹಾಯಬೇಕಿದ್ದ ಕಾಡು ಆನೆಗಳ ನೆಲೆ. ಜಗತ್ತಿನ ಅತಿ ಸಣ್ಣ ಬಾವಲಿ ಬಾಳುವುದೂ ಆ ಸೀಮೆಯಲ್ಲಿ. ಬೌದ್ಧ ಚಿಂತಕ ಸುಲಕ್ ಶಿವರಕ್ಷ ಅಲ್ಲಿ ಸತ್ಯಾಗ್ರಹಕ್ಕೆ ಕುಳಿತು 1998ರ ಮಾರ್ಚಿನಲ್ಲಿ ಬಂಧಿತರಾದರು. ಕಾಡಿನ ಹಕ್ಕು ಮತ್ತು ಮನುಷ್ಯರ ಹಕ್ಕು ಬೇರೆ ಬೇರೆ ಕಡತಗಳಲ್ಲ ಎಂಬುದನ್ನು ಈ ಕೊಳವೆ ತೋರಿಸಿಕೊಟ್ಟಿತು.

ಬೆಟ್ಟದ ಸಾಕ್ಷಿ ನ್ಯಾಯಾಲಯಕ್ಕೆ

1988ರ ಚಳವಳಿಯಲ್ಲಿದ್ದು, ಚಿತ್ರಹಿಂಸೆಗೊಳಗಾಗಿ ಕಾಡು ಸೇರಿದ ಕರೆನ್ ಯುವಕ ಕಾ ಸಾ ವಾ ಹಳ್ಳಿಹಳ್ಳಿಗಳಲ್ಲಿ ಅಲೆದು ಹೇಳಿಕೆಗಳನ್ನು ಬರೆದಿಟ್ಟರು. 1995ರಲ್ಲಿ ಅಮೆರಿಕದ ಇಬ್ಬರು ಯುವ ಕಾನೂನು ಪದವೀಧರರೊಡನೆ ಅರ್ಥ್‌ರೈಟ್ಸ್ ಇಂಟರ್‌ನ್ಯಾಷನಲ್ ಸಂಸ್ಥೆ ಕಟ್ಟಿದರು. ಮರುವರ್ಷ, 1789ರಷ್ಟು ಹಳೆಯದಾದ ಒಂದು ಅಮೆರಿಕನ್ ಕಾಯಿದೆಯನ್ನು ಆಧರಿಸಿ, ಯುನೊಕಾಲ್ ವಿರುದ್ಧ ಲಾಸ್ ಏಂಜಲೀಸ್‌ನಲ್ಲಿ ದಾವೆ ಹೂಡಲಾಯಿತು. ಪ್ರಾಣಭಯದಿಂದ ಹಳ್ಳಿಗರು ತಮ್ಮ ನಿಜನಾಮ ಮರೆಸಿಕೊಂಡಿದ್ದರು. ಬಿಟ್ಟಿಯಿಂದ ತಪ್ಪಿಸಿಕೊಂಡ ಗಂಡನನ್ನು ಹುಡುಕಿಬಂದ ಸೈನಿಕರು ತನ್ನನ್ನು ಬೆಂಕಿಗೆ ಒದ್ದರು, ಕೈಯಲ್ಲಿದ್ದ ಹಸುಗೂಸು ಸುಟ್ಟು ಸತ್ತಿತು ಎಂಬ ತಾಯಿಯೊಬ್ಬಳ ಹೇಳಿಕೆ ನ್ಯಾಯಾಲಯದ ದಾಖಲೆಯಲ್ಲಿದೆ.

2000ದಲ್ಲಿ ಕೆಳ ನ್ಯಾಯಾಲಯ ವಿಚಿತ್ರವಾದ ತೀರ್ಪನ್ನಿತ್ತಿತು. ಬಲವಂತದ ದುಡಿಮೆ ನಡೆಯುತ್ತಿದ್ದುದು ಕಂಪನಿಗೆ ತಿಳಿದಿತ್ತೆಂದೂ ಅದರಿಂದ ಲಾಭವಾಯಿತೆಂದೂ ಸೂಚಿಸುವ ಸಾಕ್ಷ್ಯವಿದೆ, ಆದರೂ ಸೇನೆಯನ್ನು ನಿಯಂತ್ರಿಸದ ಕಂಪನಿ ಹೊಣೆಯಲ್ಲ ಎಂದಿತು. 2002ರಲ್ಲಿ ಮೇಲ್ಮನವಿ ನ್ಯಾಯಾಲಯ ಇದನ್ನು ತಳ್ಳಿಹಾಕಿ, ತಿಳಿದೂ ನೆರವಾದುದು ವಿಚಾರಣೆಗೆ ಅರ್ಹ ಎಂದಿತು. ಆ ತೀರ್ಪಿನ ಮರುಪರಿಶೀಲನೆ ಮುಗಿಯುವ ಮುನ್ನವೇ, 2005ರಲ್ಲಿ, ಯುನೊಕಾಲ್ ಹಳ್ಳಿಗರಿಗೆ ಪರಿಹಾರ ಕೊಟ್ಟು ರಾಜಿಯಾಯಿತು. ಮೊತ್ತ ಗುಟ್ಟಾಗಿಯೇ ಉಳಿಯಿತು. ಅದೇ ವರ್ಷ ಫ್ರಾನ್ಸಿನಲ್ಲಿ ಟೋಟಲ್ ಕೂಡ, ತಪ್ಪೊಪ್ಪಿಕೊಳ್ಳದೆ, 52 ಲಕ್ಷ ಯೂರೋಗಳ ನಿಧಿಗೆ ಒಪ್ಪಿತು.

ಎರಡು ವಾದಗಳು

ಇಂಥ ವ್ಯವಹಾರಗಳನ್ನು ಸಮರ್ಥಿಸುವವರದು ಎರಡು ವಾದ. ಮೊದಲನೆಯದು: ಒಡನಾಟದಿಂದ ಸರ್ವಾಧಿಕಾರ ಮೆದುವಾಗುತ್ತದೆ. ಆಸಿಯಾನ್ ರಾಷ್ಟ್ರಗಳು ಇದಕ್ಕೆ ರಚನಾತ್ಮಕ ಒಡನಾಟ ಎಂದು ಹೆಸರಿಟ್ಟು 1997ರಲ್ಲಿ ಬರ್ಮಾವನ್ನು ತಮ್ಮ ಕೂಟಕ್ಕೆ ಸೇರಿಸಿಕೊಂಡವು. ಎರಡನೆಯದು: ದಿಗ್ಬಂಧನದ ಪೆಟ್ಟು ಬಡವರಿಗೇ ಬೀಳುತ್ತದೆ. ಎರಡನೆಯ ವಾದದಲ್ಲಿ ಹುರುಳಿದೆ. 2003ರಲ್ಲಿ ಅಮೆರಿಕ ಬರ್ಮಾದ ಆಮದನ್ನೆಲ್ಲ ನಿಷೇಧಿಸಿದಾಗ ಸಿದ್ಧ ಉಡುಪಿನ ಕಾರ್ಖಾನೆಗಳು ಮುಚ್ಚಿ ಸಾವಿರಾರು ಹೆಣ್ಣುಮಕ್ಕಳು ಕೆಲಸ ಕಳೆದುಕೊಂಡರು. ಟೋಟಲ್ ಕೊಳವೆಯ ಆಸುಪಾಸಿನ ಹಳ್ಳಿಗಳಲ್ಲಿ ಶಾಲೆ, ಚಿಕಿತ್ಸಾಲಯ ಕಟ್ಟಿಸಿದ್ದೂ ನಿಜ.

ಆದರೆ ಉಡುಪಿನ ಕಾರ್ಖಾನೆಯನ್ನೂ ಅನಿಲದ ಕೊಳವೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಕಾರ್ಖಾನೆಯ ಹಣ ಕೂಲಿಯಾಗಿ ಸಾವಿರ ಒಲೆಗಳಿಗೆ ಹಂಚಿಹೋಗುತ್ತದೆ. ಕೊಳವೆಗೆ ಕೈಗಳು ಬೇಡ. ಅದರ ಹಣ ನೇರವಾಗಿ ಆಳುವವರ ಖಾತೆಗೆ ಇಳಿಯುತ್ತದೆ. ಬರ್ಮಾದಲ್ಲಿ ಆ ಖಾತೆಯೂ ಪಾರದರ್ಶಕವಾಗಿರಲಿಲ್ಲ. 2012ರವರೆಗೂ ಅಲ್ಲಿ ಡಾಲರಿಗೆ ಸರ್ಕಾರಿ ದರ ಸುಮಾರು 6 ಕ್ಯಾಟ್. ಪೇಟೆಯ ದರ ಹಲವು ವರ್ಷ ಸಾವಿರ ಕ್ಯಾಟ್ ಮೀರಿತ್ತು. ಅನಿಲದ ಡಾಲರುಗಳನ್ನು ಸರ್ಕಾರಿ ದರದಲ್ಲಿ ಬರೆದರೆ ಆಯವ್ಯಯದಲ್ಲಿ ಅದು ಚಿಲ್ಲರೆ ಕಾಸಾಗಿ ಕಾಣುತ್ತದೆ, ಉಳಿದುದು ಲೆಕ್ಕದಿಂದಲೇ ಮಾಯ. ಲೆಕ್ಕಕ್ಕೆ ಸಿಗದ ಹಣವನ್ನು ಯಾವ ಆಸ್ಪತ್ರೆಯೂ ಕೇಳಲಾರದು.

ಮೊದಲನೆಯ ವಾದಕ್ಕೆ ಕಾಲವೇ ಉತ್ತರ ಕೊಟ್ಟಿದೆ. 2011ರ ಅನಂತರ ಬಾಗಿಲು ಕೊಂಚ ತೆರೆದದ್ದು ಹೌದು. ಆದರೆ 2008ರ ಸಂವಿಧಾನ ಸಂಸತ್ತಿನ ನಾಲ್ಕನೆಯ ಒಂದು ಭಾಗ ಸ್ಥಾನಗಳನ್ನೂ ರಕ್ಷಣೆ, ಗೃಹ, ಗಡಿ ಖಾತೆಗಳನ್ನೂ ಸೇನೆಗೇ ಮೀಸಲಿಟ್ಟಿತ್ತು. 2021ರ ಫೆಬ್ರವರಿ 1ರಂದು ಅದೇ ಸೇನೆ ಮತ್ತೆ ಅಧಿಕಾರ ಕಸಿದುಕೊಂಡಿತು. 2022ರ ಜನವರಿ 21ರಂದು ಟೋಟಲ್, ಯುನೊಕಾಲನ್ನು ಕೊಂಡಿದ್ದ ಶೆವ್ರಾನ್ ಎರಡೂ ಹೊರಹೋಗುವುದಾಗಿ ಸಾರಿದವು. ಅವುಗಳ ಪಾಲು ಉಳಿದವರಿಗೆ ಹಂಚಿಹೋಗಿ, 2024ರಲ್ಲಿ ಶೆವ್ರಾನ್ ನಿರ್ಗಮಿಸಿದಾಗ ಬರ್ಮಾ ಸರ್ಕಾರಿ ಉದ್ಯಮದ ಪಾಲು ಶೇ. 15ರಿಂದ ಸುಮಾರು ಶೇ. 37ಕ್ಕೆ ಏರಿತು. ಸದುದ್ದೇಶದ ನಿರ್ಗಮನ ಸೇನಾಡಳಿತದ ಪಾಲನ್ನೇ ಹಿಗ್ಗಿಸಿತು!

ಆದ್ದರಿಂದ ಇರಬೇಕೆ, ಹೊರಡಬೇಕೆ ಎಂಬುದು ಅರ್ಧ ಪ್ರಶ್ನೆ. ಹಣ ಯಾರ ಖಾತೆಗೆ ಹೋಗುತ್ತದೆ ಎಂಬುದೇ ಪೂರ್ಣ ಪ್ರಶ್ನೆ. 2021ರ ಅನಂತರ ಬರ್ಮಾದ ಹೋರಾಟಗಾರರು ಕೇಳಿದ್ದು ಇದನ್ನೇ: ಅನಿಲ ಹರಿಯಲಿ, ದೀಪ ಉರಿಯಲಿ, ಆದರೆ ಸಲ್ಲಬೇಕಾದ ಹಣವನ್ನು ಚುನಾಯಿತ ಸರ್ಕಾರ ಬರುವವರೆಗೆ ಮೂರನೆಯವರ ವಶದಲ್ಲಿ ಠೇವಣಿಯಾಗಿಡಿ. ಐರೋಪ್ಯ ಒಕ್ಕೂಟ 2022ರ ಫೆಬ್ರವರಿಯಲ್ಲಿ ಆ ಸರ್ಕಾರಿ ಉದ್ಯಮದ ಮೇಲೆಯೇ ನಿರ್ಬಂಧ ಹೇರಿತು. 2023ರ ಡಿಸೆಂಬರಿನಿಂದ ಅಮೆರಿಕವೂ ಅದಕ್ಕೆ ಹಣಕಾಸು ಸೇವೆ ಒದಗಿಸುವುದನ್ನು ತಡೆಯಿತು. ಬೇಡಿಕೆ ಅವ್ಯವಹಾರಿಕವಲ್ಲ ಎಂಬುದಕ್ಕೆ ಇಷ್ಟು ಸಾಕು.

ಭಾರತದ ಪಾಲು

ಇದು ದೂರದ ಬಿಳಿಯರ ಪಾಪವೆಂದು ಕೈತೊಳೆದುಕೊಳ್ಳುವಂತಿಲ್ಲ. ರಖೈನ್ ಕರಾವಳಿಯ ಶ್ವೇ ಅನಿಲ ಕ್ಷೇತ್ರದಲ್ಲಿ ಒಎನ್‌ಜಿಸಿ ವಿದೇಶ್ ಮತ್ತು ಗೇಲ್ ಪಾಲುದಾರರಾದವು. 2007ರ ಸೆಪ್ಟೆಂಬರಿನಲ್ಲಿ ಭಿಕ್ಷುಗಳು ಬೀದಿಗಿಳಿದಿದ್ದ ದಿನಗಳಲ್ಲೇ ಭಾರತದ ಪೆಟ್ರೋಲಿಯಂ ಸಚಿವರು ಅಲ್ಲಿಗೆ ತೆರಳಿ ಮೂರು ಆಳಸಮುದ್ರ ವಲಯಗಳ ಒಪ್ಪಂದಕ್ಕೆ ಸಾಕ್ಷಿಯಾದರು. ಬಿಟ್ಟರೆ ಚೀನಾ ಕಬಳಿಸುತ್ತದೆ ಎಂಬುದು ಆಗಿನ ಸಮಜಾಯಿಷಿ. ಕೊನೆಗೆ 2013ರಲ್ಲಿ ಶ್ವೇ ಅನಿಲ ಹರಿದದ್ದು ಚೀನಾದ ಯುನ್ನಾನಿಗೇ. ಭಾರತಕ್ಕೆ ದಕ್ಕಿದ್ದು ಲಾಭಾಂಶ ಮತ್ತು ಅದಕ್ಕಂಟಿದ ಹೊಣೆ.

ಎರಡೂ ಸಾರ್ವಜನಿಕ ವಲಯದ ಕಂಪನಿಗಳು. ಮಲೆನಾಡಿನ ಕೃಷಿಕನೂ ಕಾಲೇಜಿನ ವಿದ್ಯಾರ್ಥಿನಿಯೂ ಅವುಗಳ ಒಡೆತನದಲ್ಲಿ ಭಾಗಿಗಳು. ಬರ್ಮಾಕ್ಕೆ ವರ್ಷವರ್ಷ ಎಷ್ಟು ಹಣ, ಯಾವ ಖಾತೆಗೆ ಸಂದಿದೆ ಎಂಬ ವಿವರವನ್ನು ಪ್ರಕಟಿಸುವಂತೆ ಸಂಸದರ ಮೂಲಕ ಕೇಳಿಸುವ ಹಕ್ಕು ಅವರಿಗಿದೆ. ಹಕ್ಕೊತ್ತಾಯದ ಪತ್ರ ಬರೆಯಲು ಕಾನೂನು ಪದವಿ ಬೇಕಿಲ್ಲ.

ಇನ್ನೊಂದು ಪಾಠ ಬೆಟ್ಟದ ಊರುಗಳಿಗೆಂದೇ ಇದೆ. ಯುನೊಕಾಲ್ ಮಣಿದದ್ದು ಘೋಷಣೆಗಳಿಗಿಂತ ಹೆಚ್ಚಾಗಿ, ಯಾರನ್ನು, ಯಾವ ಹಾದಿಗೆ, ಯಾವ ತುಕಡಿ ಎಳೆದೊಯ್ಯಿತು ಎಂದು ಹಳ್ಳಿಗರು ಹೇಳಿ ಬರೆಸಿದ ವಿವರಗಳಿಗೆ. ಯೋಜನೆಯೊಂದು ಊರ ಬಾಗಿಲಿಗೆ ಬಂದಾಗ ದಿನಾಂಕ, ಸ್ಥಳ, ಮಾತು, ಹೆಸರು ಬರೆದಿಡುವ ಒಂದು ನೋಟುಪುಸ್ತಕ ಪ್ರತಿ ಊರಿನಲ್ಲೂ ಇರಬೇಕು.