ತೋರಿಸುವ ಹಕ್ಕು ಯಾರದು?

ದಾಂಡೇಲಿ ಬಳಿಯ ಗಣೇಶಗುಡಿಯಲ್ಲಿ ರ‍್ಯಾಫ್ಟ್ ಹತ್ತಿದವರನ್ನು ಎತ್ತಿ ಕುಣಿಸುವ ನೀರು ಸೂಪಾ ಅಣೆಕಟ್ಟಿನದು. ವಿದ್ಯುದಾಗಾರದಿಂದ ನೀರು ಬಿಟ್ಟರೆ ಕಾಳಿ ನದಿಗೆ ಸೆಳೆತ ಬರುತ್ತದೆ, ಬಿಡದಿದ್ದರೆ ರ‍್ಯಾಫ್ಟುಗಳು ದಡದಲ್ಲೇ ಕೂರುತ್ತವೆ. 101 ಮೀಟರ್ ಎತ್ತರದ ಆ ಅಣೆಕಟ್ಟಿನ ಹಿನ್ನೀರಿನಲ್ಲಿ ಸೂಪಾ ಎಂಬ ಊರೇ ಮುಳುಗಿದೆ. ಅದು ತಾಲ್ಲೂಕಿನ ಕೇಂದ್ರವಾಗಿದ್ದ ಊರು. ನೀರು ನಿಂತ ಮೇಲೆ ಕಚೇರಿಗಳು ಜೋಯಿಡಾಕ್ಕೆ ಹೋದವು, ನೆಲೆ ಕಳೆದುಕೊಂಡ ಎಷ್ಟೋ ಕುಟುಂಬಗಳು ರಾಮನಗರ ಸೇರಿದವು. ಲೈಫ್ ಜಾಕೆಟ್ ಬಿಗಿಸುವಾಗ ಪ್ರವಾಸಿಗೆ ಹುಟ್ಟು ಹಾಕುವುದನ್ನು ಕಲಿಸುತ್ತಾರೆ, ಬಿದ್ದರೆ ಏನು ಮಾಡಬೇಕೆಂದು ಹೇಳುತ್ತಾರೆ. ಈ ನೀರಿನ ಹಿಂದೆ ಒಂದು ಊರಿತ್ತು ಎಂದು ಹೇಳುವವರು ಅಪರೂಪ.

ದಾಂಡೇಲಿಯ ಸುತ್ತಿನ ಪ್ರವಾಸೋದ್ಯಮದಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಇದು. ಕೋಗಿಲಬನದಂಥ ಅಂಚಿನ ಹಳ್ಳಿಗಳಿಂದ ಹಿಡಿದು ಗಣೇಶಗುಡಿಯವರೆಗೆ ರೆಸಾರ್ಟು, ಹೋಂಸ್ಟೇಗಳ ಬೋರ್ಡುಗಳು ಎದ್ದಿವೆ. ಆ ಬೋರ್ಡುಗಳಲ್ಲಿ ಹುಲಿ ಇದೆ, ಮಂಗಟ್ಟೆ ಹಕ್ಕಿ ಇದೆ, ನದಿ ಇದೆ. ಮನುಷ್ಯರಿಲ್ಲ. ಇಲ್ಲಿಗೆ ಬರುವವರಿಗೆ ಇದು ಬರೀ ಕಾಡು. ದಾಂಡೇಲಿಗೆ ಹೆಸರು ಕೊಟ್ಟ ದಾಂಡೇಲಪ್ಪ ಮಿರಾಶಿ ಜಮೀನ್ದಾರರ ಆಳಾಗಿದ್ದ, ನಿಷ್ಠೆಗಾಗಿ ಪ್ರಾಣ ಕೊಟ್ಟ ಎಂದು ಜನ ಹೇಳುತ್ತಾರೆ. ಆಳೊಬ್ಬ ದೇವರಾಗಿ, ಧಣಿಗಳ ಹೆಸರು ಹಿಂದೆ ಸರಿದು ಆಳಿನ ಹೆಸರೇ ಊರಿಗೆ ನಿಂತ ಈ ಕಥೆ ಯಾವ ಪ್ಯಾಕೇಜಿನಲ್ಲೂ ಬರುವುದಿಲ್ಲ. 1950ರ ದಶಕದಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಬಂದಾಗ ದೇಶದ ನಾನಾ ಕಡೆಯಿಂದ ಕಾರ್ಮಿಕರು ಬಂದು ಇಲ್ಲೇ ನೆಲೆಸಿದರು. ಹತ್ತಾರು ಭಾಷೆಯವರು ಒಂದೇ ಶಿಫ್ಟಿನಲ್ಲಿ ದುಡಿದು ಕಟ್ಟಿದ ಪಟ್ಟಣ ದಾಂಡೇಲಿ, ಅದೂ ಪರಂಪರೆಯೇ. ಇಂಗ್ಲಿಷ್ ಕಾದಂಬರಿಕಾರ ಮನೋಹರ ಮಾಳಗಾಂವಕರ ಜಗಲಬೇಟದ ಬಳಿಯ ಬುರ್ಬುಸಾದಲ್ಲಿ ಬಾಳಿ 2010ರಲ್ಲಿ ತೀರಿಕೊಂಡರು. ಅದೇ ದಾರಿಯಲ್ಲಿ ಗೋವಾಕ್ಕೆ ಹೋಗುವ ಸಾವಿರಾರು ಓದುಗರಿಗೆ ಅದು ಗೊತ್ತಾಗುವ ಬಗೆಯೇ ಇಲ್ಲ.

ಹಾಗಾದರೆ ಇದನ್ನೆಲ್ಲ ಪ್ರವಾಸಿಗೆ ತೋರಿಸಬೇಕೆ? ಬೇಡ ಎನ್ನುವವರು ಇದ್ದಾರೆ, ಅವರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಪ್ರವಾಸಿಯ ಕಣ್ಣು ಬಿದ್ದ ಕಡೆ ಹಬ್ಬ ಪ್ರದರ್ಶನವಾಗುತ್ತದೆ, ಪೂಜೆ ಫೋಟೊ ಆಗುತ್ತದೆ, ಮನೆಯೊಳಗಿನದು ಅಂಗಡಿಗೆ ಬರುತ್ತದೆ ಎನ್ನುವುದು ಅವರ ಅಳಲು. ಅಮೆರಿಕದ ಸಮಾಜಶಾಸ್ತ್ರಜ್ಞ ಡೀನ್ ಮ್ಯಾಕ್‌ಕ್ಯಾನೆಲ್ 1970ರ ದಶಕದಲ್ಲೇ ಇದನ್ನು ವಿವರಿಸಿದ್ದರು. ಪ್ರವಾಸಿ ಹುಡುಕುವುದು ಅಸಲಿಯನ್ನು, ಅವನ ಮುಂದೆ ಬರುವುದು ಅಸಲಿಯ ಹಾಗೆ ಸಿಂಗರಿಸಿದ ರಂಗ. ದಾಂಡೇಲಿಯಲ್ಲಿ ಇದರ ಉದಾಹರಣೆಗೆ ದೂರ ಹೋಗಬೇಕಿಲ್ಲ. ಕೆಲವು ರೆಸಾರ್ಟುಗಳಲ್ಲಿ ರಾತ್ರಿ ಕ್ಯಾಂಪ್‌ಫೈರ್ ಸುತ್ತ ಸಿದ್ದಿ ಕುಣಿತ ಇಟ್ಟಿರುತ್ತಾರೆ.

ಸಿದ್ದಿಗಳು ಆಫ್ರಿಕಾದಿಂದ ಬಂದವರ ಸಂತತಿ. ಶತಮಾನಗಳ ಹಿಂದೆ ಗುಲಾಮರಾಗಿ, ಸೈನಿಕರಾಗಿ ಈ ನೆಲಕ್ಕೆ ಬಂದವರ, ಗೋವಾದ ಪೋರ್ಚುಗೀಸರ ಕೈಯಿಂದ ತಪ್ಪಿಸಿಕೊಂಡು ಈ ಕಾಡು ಸೇರಿದವರ ಮಕ್ಕಳು, ಮೊಮ್ಮಕ್ಕಳು ಇವರು. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾ, ಅಂಕೋಲಾದಲ್ಲಿ ಇವರ ಊರುಗಳಿವೆ. ಇವರಲ್ಲಿ ಹಿಂದೂಗಳೂ ಮುಸ್ಲಿಮರೂ ಕ್ರೈಸ್ತರೂ ಇದ್ದಾರೆ. ತೀರಿಹೋದ ಹಿರಿಯರನ್ನು ಮನೆಯಲ್ಲಿ ಪೂಜಿಸುವ ಪದ್ಧತಿ ಇವರ ಬದುಕಿನಲ್ಲಿ ಆಳವಾಗಿ ಬೇರೂರಿದೆ. ಡಮಾಮಿ ಕುಣಿತ ಇವರ ಮದುವೆಗೆ, ಹಬ್ಬಕ್ಕೆ, ನಾಲ್ಕು ಮನೆಯವರು ಕೂಡಿದ ಸಂಜೆಗೆ ಸೇರಿದ್ದು. ರೆಸಾರ್ಟಿನಲ್ಲಿ ಅದಕ್ಕೆ ಊಟಕ್ಕೆ ಮುಂಚಿನ ಅರ್ಧ ಗಂಟೆಯ ಹೊತ್ತು. ಬಫೆ ಸಿದ್ಧವಾದ ಕೂಡಲೇ ಕುಣಿತ ಮುಗಿಯಬೇಕು. ಕುಣಿಯುವವರು ಈ ಉತ್ತರ ಕನ್ನಡ ಜಿಲ್ಲೆಯವರು, ನಮ್ಮ ಹಾಗೆ ಕನ್ನಡ, ಕೊಂಕಣಿ ಆಡುವವರು ಎಂಬುದೂ ಎಷ್ಟೋ ಪ್ರೇಕ್ಷಕರಿಗೆ ತಿಳಿದಿರುವುದಿಲ್ಲ. ‘ನೀವು ಆಫ್ರಿಕಾದಿಂದ ಯಾವಾಗ ಬಂದಿರಿ?’ ಎಂದು ಕೇಳುವವರಿದ್ದಾರೆ.

ಇಲ್ಲಿ ತಪ್ಪು ಎಲ್ಲಿದೆ ಎಂಬುದನ್ನು ಎಚ್ಚರದಿಂದ ಗುರುತಿಸಬೇಕು. ಹಣಕ್ಕಾಗಿ ಕುಣಿದದ್ದು ತಪ್ಪಲ್ಲ. ಯಕ್ಷಗಾನದ ಮೇಳದವರೂ ಸಂಬಳ ಪಡೆದೇ ಕುಣಿಯುತ್ತಾರೆ, ಅದರಿಂದ ಯಕ್ಷಗಾನದ ಘನತೆ ತಗ್ಗಿಲ್ಲ. ಕೂಲಿ ಸಿಗದ ದಿನಗಳಲ್ಲಿ ಆ ಒಂದು ಸಂಜೆಯ ದುಡ್ಡು ಮನೆಗೆ ಅಕ್ಕಿ ತರುತ್ತದೆ. ಅದನ್ನು ದೂರದಲ್ಲಿ ಕುಳಿತು ಅವಮಾನ ಎಂದು ಕರೆಯುವ ಹಕ್ಕು ನನಗಿಲ್ಲ. ಕುಣಿತ ಬದಲಾಯಿತು ಎಂಬುದೂ ದೂರಿನ ಮಾತಾಗಬೇಕಿಲ್ಲ, ಬದುಕಿರುವುದೆಲ್ಲ ಬದಲಾಗುತ್ತದೆ. ನನ್ನ ತಕರಾರು ಬೇರೆ. ಎಷ್ಟು ಹೊತ್ತು, ಯಾವ ಹಾಡು, ಯಾವ ಉಡುಪು, ಎಷ್ಟು ಹಣ, ಇವೆಲ್ಲ ಕುಣಿಯುವವರ ಕೈಯಲ್ಲಿಲ್ಲ. ಇವತ್ತು ಬೇಡ, ನಮ್ಮ ಊರಲ್ಲಿ ಸಾವಾಗಿದೆ ಎಂದು ಹೇಳಿದರೆ ಮುಂದಿನ ವಾರದ ಕರೆ ಬರುತ್ತದೋ ಇಲ್ಲವೋ ಎಂಬ ಭಯ ಇರುವಲ್ಲಿ ಕುಣಿತದಲ್ಲಿ ಒಪ್ಪಿಗೆ ಎಷ್ಟು, ಅನಿವಾರ್ಯ ಎಷ್ಟು?

ಹಾಗೆಂದು ತೋರಿಸುವುದೇ ಬೇಡ ಎಂಬ ತೀರ್ಮಾನಕ್ಕೂ ನಾನು ಬರಲಾರೆ. ಕಾಣದೆ ಉಳಿದಿದ್ದರಿಂದ ಸಿದ್ದಿಗಳಿಗೆ ಆದ ನಷ್ಟ ಸಣ್ಣದಲ್ಲ. ಸ್ವಂತ ಜಿಲ್ಲೆಯಲ್ಲೇ ಅವರನ್ನು ಪರದೇಶದವರೆಂದು ನೋಡಿದ್ದು ಅಜ್ಞಾನದಿಂದ. ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ, ವಿಧಾನ ಪರಿಷತ್ತಿಗೆ ಶಾಂತಾರಾಮ ಸಿದ್ದಿ ನಾಮಕರಣಗೊಂಡು ಆ ಸಮುದಾಯದ ಮೊದಲ ಶಾಸಕರಾದದ್ದು 2020ರಲ್ಲಿ. ತಿಳಿದವರು ಹೆಚ್ಚಿದ್ದರೆ ಇಷ್ಟು ತಡವಾಗುತ್ತಿರಲಿಲ್ಲ.

ಅವರ ಕೌದಿಯನ್ನೇ ನೋಡಿ. ಹಳೆಯ ಸೀರೆ, ಅಂಗಿ, ಲಂಗದ ತುಂಡುಗಳನ್ನು ಒಂದು ಮೂಲೆಯಿಂದ ಇಟ್ಟು ಹೊಲಿಯಲು ಶುರುಮಾಡುತ್ತಾರೆ. ಅಂಚು ಹಿಡಿದು ಸುತ್ತುತ್ತ, ಸಾಲು ಸಾಲು ಹೊಲಿಗೆ ಒಳಗೆ ಒಳಗೆ ಬಂದು ನಡುವಿನಲ್ಲಿ ಸೇರುತ್ತದೆ. ಮೊದಲೇ ಬರೆದ ನಕಾಶೆ ಇರುವುದಿಲ್ಲ, ಕೈಗೆ ಸಿಕ್ಕ ತುಂಡಿನ ಬಣ್ಣ ನೋಡಿ ಮುಂದಿನ ತುಂಡು. ಕೊನೆಗೆ ನಾಲ್ಕೂ ಮೂಲೆಗೆ ಮಡಚಿದ ಬಟ್ಟೆಯ ‘ಫೂಲ’ ಕೂರಿಸಬೇಕು. ಅದಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವುಗಳ ಮೇಲೆ ಕೆಲಸ ಮಾಡಿದರು, 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಈ ಕೌದಿಗಳ ಪ್ರದರ್ಶನವಾಯಿತು. ಹಳಿಯಾಳ ದಾಟಿ ಬರುವ ನಮ್ಮ ಪ್ರವಾಸಿಗಳಲ್ಲಿ ಒಂದು ಕೌದಿಯನ್ನು ಬಿಡಿಸಿ ನೋಡಿದವರು ಎಷ್ಟು ಜನ? ಕುಣಿತಕ್ಕಿಂತ ಕೌದಿ ಮಾರುವುದು ಹೊಲಿದವರಿಗೆ ಹೆಚ್ಚು ಹಿತ ಎಂದು ನನ್ನ ಅನಿಸಿಕೆ. ಕೌದಿ ಹೊಲಿಯುವ ಅಕ್ಕ ತನ್ನ ಜಗಲಿ ಬಿಟ್ಟು ಎಲ್ಲಿಗೂ ಹೋಗಬೇಕಿಲ್ಲ, ಕೊಳ್ಳುವವರೇ ಅಲ್ಲಿಗೆ ಬರಬೇಕು, ಬೆಲೆ ಅವಳೇ ಹೇಳಬೇಕು.

ಯಾರು ಯಾರ ಬಳಿಗೆ ಹೋಗುತ್ತಾರೆ ಎಂಬುದರಲ್ಲೇ ಅರ್ಧ ಉತ್ತರವಿದೆ. ಜೋಯಿಡಾ ತಾಲ್ಲೂಕಿನ ಉಳವಿ ಜಾತ್ರೆ ಶತಮಾನಗಳಿಂದ ನಡೆದಿರುವ ಪ್ರವಾಸ. ಕಲ್ಯಾಣದ ಗಲಭೆಯ ನಂತರ ಶರಣರನ್ನು ಕರೆದುಕೊಂಡು ಬಂದ ಚನ್ನಬಸವಣ್ಣ ಐಕ್ಯನಾದ ಸ್ಥಳ ಅದು. ಭಾರತ ಹುಣ್ಣಿಮೆಯ ಹೊತ್ತಿಗೆ ಧಾರವಾಡ, ಬೆಳಗಾವಿ, ಹಾವೇರಿಯ ಕಡೆಯ ರೈತರು ಎತ್ತುಗಳಿಗೆ ಜೂಲ ಹೊದಿಸಿ, ಗೆಜ್ಜೆ ಸರ ಕಟ್ಟಿ, ರೊಟ್ಟಿ ಬುತ್ತಿ, ಶೇಂಗಾ ಹಿಂಡಿ ಗಂಟು ಕಟ್ಟಿಕೊಂಡು ಚಕ್ಕಡಿ ಹೂಡುತ್ತಾರೆ. ದಾರಿಯುದ್ದಕ್ಕೂ ಅವರಿಗೆ ನೀರು, ನೆರಳು, ಮೇವು ಕೊಡುವ ಊರುಗಳಿವೆ. ಬರುವವರೂ ಹೊರಗಿನವರೇ, ಅವರಿಂದ ವ್ಯಾಪಾರವೂ ಆಗುತ್ತದೆ. ಆದರೆ ಬಂದವನಿಗೆ ಅಲ್ಲಿ ಒಂದು ನಡೆ ಇದೆ, ಎಲ್ಲಿ ಚಪ್ಪಲಿ ಬಿಡಬೇಕು, ಎಲ್ಲಿ ಎತ್ತು ಬಿಚ್ಚಬೇಕು ಎಂಬುದು ಅವನಿಗೆ ಗೊತ್ತು. ಸ್ಥಳ ತನ್ನನ್ನು ಹೇಗೆ ನೋಡಬೇಕೆಂದು ತಾನೇ ಹೇಳುತ್ತದೆ.

ಹೊಸ ಕಾಲದಲ್ಲೂ ಇದು ಸಾಧ್ಯ ಎಂಬುದಕ್ಕೆ ಜೋಯಿಡಾದ ಗೆಡ್ಡೆ ಗೆಣಸು ಮೇಳ ಸಾಕ್ಷಿ. ಕಾಡಿನ ಅಂಚಿನ ಹಿತ್ತಲಲ್ಲಿ ಕುಣಬಿ ಸಮುದಾಯದವರು ತಲೆತಲಾಂತರದಿಂದ ಬೆಳೆದ ಮುಡ್ಲಿ ಮೊದಲಾದ ಗೆಡ್ಡೆಗಳನ್ನು ಮಣ್ಣು ಮೆತ್ತಿದ ಹಾಗೆಯೇ ತಂದು ರಾಶಿ ಹಾಕುತ್ತಾರೆ. ಯಾವುದನ್ನು ಬೇಯಿಸಬೇಕು, ಯಾವುದನ್ನು ಸುಡಬೇಕು, ಯಾವುದಕ್ಕೆ ಹುಳಿ ಹಾಕದಿದ್ದರೆ ಗಂಟಲು ತುರಿಸುತ್ತದೆ ಎಂದು ಮಾರುವ ಹೆಂಗಸರೇ ಹೇಳಿಕೊಡುತ್ತಾರೆ. ಅಲ್ಲಿ ಕುಣಬಿ ಅವ್ವ ಪಾಠ ಹೇಳುವವಳು, ಪೇಟೆಯಿಂದ ಬಂದವನು ಕಲಿಯುವವನು. ಪರಂಪರೆ ತೋರಿಸುವುದು ಎಂದರೆ ನನ್ನ ಮನಸ್ಸಿಗೆ ಬರುವ ಚಿತ್ರ ಇದೇ.

ಮುಂಡಗೋಡದ ಕಥೆ ಇನ್ನೊಂದು ಬಗೆಯದು. ಅಲ್ಲಿನ ಟಿಬೆಟಿಯನ್ ಕ್ಯಾಂಪುಗಳು 1966ರಲ್ಲಿ ಶುರುವಾದವು. ಟಿಬೆಟಿನಲ್ಲಿ 15ನೆಯ ಶತಮಾನದಲ್ಲಿ ಹುಟ್ಟಿದ ಗಾದೆನ್, ಡ್ರೆಪುಂಗ್ ಮಠಗಳು 1969ರಲ್ಲಿ ಇಲ್ಲಿ ಮತ್ತೆ ಕಟ್ಟಿಕೊಂಡವು. ನೋಡಲು ಬರುವವರಿಗೆ ಬಾಗಿಲು ತೆರೆದಿದೆ. ಅಂಗಳದಲ್ಲಿ ತರ್ಕ ನಡೆಯುವ ಹೊತ್ತಿಗೆ ಹೋದರೆ ನಿಂತ ಭಿಕ್ಷು ಪ್ರಶ್ನೆ ಎಸೆದು, ಕಾಲು ಅಪ್ಪಳಿಸಿ, ಬಲಗೈಯನ್ನು ಎಡಗೈ ಮೇಲೆ ಚಟ್ಟನೆ ಹೊಡೆಯುವುದು ಕಾಣುತ್ತದೆ. ಕೆಳಗೆ ಕುಳಿತವನು ಉತ್ತರ ಕೊಡಲೇಬೇಕು. ನೋಡುವವರಿದ್ದಾರೆಂದು ಅವರು ತರ್ಕವನ್ನು ಉದ್ದ ಮಾಡುವುದಿಲ್ಲ, ಗಿಡ್ಡವೂ ಮಾಡುವುದಿಲ್ಲ. ನೆಲ ಕಳೆದುಕೊಂಡು ಬಂದವರಿಗೆ ಈ ಗಟ್ಟಿತನ ಎಲ್ಲಿಂದ ಬಂತು? ಮಠ ಅವರದು, ದಿನಚರಿ ಅವರದು, ಅದನ್ನು ನಡೆಸುವ ಸಂಸ್ಥೆಯೂ ಅವರದು. ಹಿಂದೆ ಒಂದು ಸಂಸ್ಥೆ ನಿಂತಿರುವುದರಿಂದಲೇ ಪ್ರವಾಸಿ ಅಲ್ಲಿ ಅತಿಥಿಯಾಗಿ ನಡೆದುಕೊಳ್ಳುತ್ತಾನೆ. ಸಿದ್ದಿಗಳಿಗೆ, ಕುಣಬಿಗಳಿಗೆ, ಎಮ್ಮೆ ಕಟ್ಟಿಕೊಂಡು ಕಾಡಂಚಿನಲ್ಲಿ ಬಾಳುವ ಗೌಳಿಗಳಿಗೆ ಪ್ರವಾಸೋದ್ಯಮದ ಮುಂದೆ ಹಾಗೆ ನಿಲ್ಲುವ ಬಲ ಇಲ್ಲ.

ಬೇಡ ಎನ್ನುವ ಬಲವೂ ಅದರಲ್ಲಿ ಸೇರಿದೆ. ಆಸ್ಟ್ರೇಲಿಯಾದ ಉಲುರು ಬಂಡೆಯನ್ನು ಹತ್ತಬೇಡಿ ಎಂದು ಅದನ್ನು ಪವಿತ್ರವೆಂದು ನಂಬಿದ ಅನಂಗು ಜನ ವರ್ಷಗಟ್ಟಲೆ ಕೇಳಿಕೊಂಡರು, ಪ್ರವಾಸಿಗಳು ಹತ್ತುತ್ತಲೇ ಇದ್ದರು. ಉದ್ಯಾನದ ಆಡಳಿತ ಮಂಡಳಿಯಲ್ಲಿ ಅನಂಗುಗಳದೇ ಬಹುಮತ ಇದ್ದುದರಿಂದ 2017ರಲ್ಲಿ ನಿರ್ಣಯವಾಗಿ, 2019ರ ಅಕ್ಟೋಬರ್ 26ರಂದು ಹತ್ತುವುದು ನಿಂತಿತು. ಬಂಡೆ ನೋಡಲು ಇವತ್ತಿಗೂ ಹೋಗಬಹುದು. ನಮ್ಮಲ್ಲಿ, ದಾಂಡೇಲಿ ಕಾಡಿನ ಕಾವಳೆ ಗುಹೆಯನ್ನು ನೆನೆಯಿರಿ. ಸುಣ್ಣದ ನೀರು ತೊಟ್ಟಿಕ್ಕಿ ಬೆಳೆದ ಲಿಂಗ, ಬಾಗಿ ತೆವಳಿ ಹೋಗಬೇಕಾದ ಕತ್ತಲ ದಾರಿ, ಶಿವರಾತ್ರಿಗೆ ನೆರೆಯುವ ಭಕ್ತರು. ಅಲ್ಲಿ ಎಷ್ಟು ಜನ, ಯಾವ ಹೊತ್ತಿಗೆ ಹೋಗಬಹುದೆಂಬ ತೀರ್ಮಾನದಲ್ಲಿ ಸುತ್ತಿನ ಹಳ್ಳಿಗಳಿಗೂ ಮಾತು ಇರಬೇಕು.

ಇದಕ್ಕೆ ಒಂದು ಗಂಭೀರ ಆಕ್ಷೇಪವಿದೆ. ಹಳ್ಳಿಯವರ ಕೈಗೆ ಕೊಟ್ಟರೆ ಅಲ್ಲಿನ ನಾಲ್ಕು ಜನ ಪ್ರಬಲರ ಕೈಗೆ ಕೊಟ್ಟ ಹಾಗೆ, ಕುಣಿಯುವ ಹುಡುಗಿಗೆ ಏನೂ ಸಿಗುವುದಿಲ್ಲ ಎಂಬುದು. ಅದು ಆಗಬಹುದು, ಆಗುವುದೂ ಉಂಟು. ಆದರೆ ಊರಿನ ಪ್ರಬಲನನ್ನು ಗ್ರಾಮಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳಬಹುದು. ಬೇರೆ ನಗರದಲ್ಲಿ ಕುಳಿತ ಬುಕಿಂಗ್ ಕಂಪನಿಯನ್ನು ಆ ಹುಡುಗಿ ಎಲ್ಲಿ ಹೋಗಿ ಕೇಳಬೇಕು?

ಕಾನೂನು ಈ ದಾರಿಯನ್ನು ಆಗಲೇ ತೆರೆದಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ 5ನೆಯ ಕಲಂ, ಕಾಡಿನ ಜನರ ಸಾಂಸ್ಕೃತಿಕ ಮತ್ತು ನೈಸರ್ಗಿಕ ಪರಂಪರೆಗೆ ಧಕ್ಕೆ ತರುವ ಚಟುವಟಿಕೆಗಳಿಂದ ಅವರ ನೆಲೆಯನ್ನು ಕಾಯುವ ಅಧಿಕಾರವನ್ನು ಹಕ್ಕುದಾರರಿಗೂ ಗ್ರಾಮಸಭೆಗೂ ಕೊಟ್ಟಿದೆ. ಅದನ್ನು ಪ್ರವಾಸೋದ್ಯಮಕ್ಕೆ ಅನ್ವಯಿಸಿ ನೋಡಿದವರು ಕಡಿಮೆ. ಇನ್ನೊಂದು ಕಡೆ, ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗಿನ ಹಳ್ಳಿಗಳಿಗೆ ಸ್ವಇಚ್ಛೆಯಿಂದ ಹೊರಬಂದರೆ ಪರಿಹಾರ ಎಂಬ ಯೋಜನೆ ಇದೆ, ಮೊದಲು ಕುಟುಂಬಕ್ಕೆ 10 ಲಕ್ಷವಿದ್ದದ್ದು 2021ರಲ್ಲಿ 15 ಲಕ್ಷವಾಯಿತು. ಬೇಕಾದವರು ಹೊರಬರಲಿ. ಆದರೆ ಕುಣಬಿ ಕುಟುಂಬಗಳು ಕಾಡು ಬಿಟ್ಟು ಬರುವಾಗಲೇ ಅದೇ ಕಾಡಿನ ಅಂಚಿನಲ್ಲಿ ‘ಬುಡಕಟ್ಟು ಅನುಭವ’ ಎಂಬ ಹೆಸರಿನ ಕೊಠಡಿಗಳು ಏಳುವುದಾದರೆ, ಅಲ್ಲಿ ಉಳಿದ ಬುಡಕಟ್ಟು ಯಾರದು?

ಗಡಿಯಾಚೆ ಗೋವಾದಲ್ಲಿ ಕುಣಬಿಗಳು 2003ರಿಂದ ಪರಿಶಿಷ್ಟ ಪಂಗಡ. ಈಚೆ ಜೋಯಿಡಾದ ಕುಣಬಿಗಳು ಅದೇ ಮಾನ್ಯತೆಗಾಗಿ ಅರ್ಜಿ ಹಿಡಿದು ಅಲೆಯುತ್ತಿದ್ದಾರೆ. ಅದಿಲ್ಲದ ಕಾರಣ ಅರಣ್ಯ ಹಕ್ಕು ಕೇಳಲು ಅವರು ಮೂರು ತಲೆಮಾರು, ಎಂದರೆ 75 ವರ್ಷ, ಇಲ್ಲೇ ಬಾಳಿದ್ದಕ್ಕೆ ಪುರಾವೆ ತೋರಿಸಬೇಕು. ದಾಖಲೆ ಬರೆಯುವವರು ಕಾಲಿಡದ ಕಾಡಿನಲ್ಲಿ ಬಾಳಿದವರು ಅದನ್ನು ಎಲ್ಲಿಂದ ತರಬೇಕು? ಗೆಡ್ಡೆ ಮೇಳದ ವೇದಿಕೆ ಹತ್ತಿ ಜೋಯಿಡಾದ ಸಂಸ್ಕೃತಿಯನ್ನು ಹೊಗಳುವ ಜನಪ್ರತಿನಿಧಿಗಳು, ಅಧಿಕಾರಿಗಳು ಅದೇ ದಿನ, ಅದೇ ವೇದಿಕೆಯಲ್ಲಿ ಆ ಅರ್ಜಿ ಎಲ್ಲಿಗೆ ಬಂತು ಎಂಬುದನ್ನೂ ಜನರಿಗೆ ಹೇಳಬೇಕು.